ನಿರಿಗೆಯೊಳಗಿನ ಮೂರು ತಾಸು

ಕೆರೂರಿನಿಂದ ಹುಮನಾಬಾದಿಗೆ ವಿಮಾನದಲ್ಲಿ ಏಳು ನಿಮಿಷ. ಇದು ಹೊರಗಿನವರ ಲೆಕ್ಕ. ವಿಮಾನದೊಳಗೆ ಕೂತವರಿಗೆ ಮೂರು ತಾಸಿನ ಮೇಲಾಗುತ್ತದೆ.

ವಿರೂಪಾಕ್ಷ ಗಡೇದ ಹೊರಗಿನವನು. ಕೆರೂರು ನಿಲ್ದಾಣದ ಟವರ್‌ನಲ್ಲಿ ಕೂತು ವಿಮಾನ ಬಿಡುವುದು, ಇಳಿಸಿಕೊಳ್ಳುವುದು ಅವನ ಕೆಲಸ. ಅವನ ಹೆಂಡತಿ ದಾನೇಶ್ವರಿ ಒಳಗಿನವಳು. ಅದೇ ದಾರಿಯ ವಿಮಾನದಲ್ಲಿ ಬಲಗಡೆ ಸೀಟಿನ ಪೈಲಟ್. ಎಡಗಡೆ ಸೀಟಿನಲ್ಲಿ ವಾರದ ಹೆಚ್ಚು ದಿನ ಕ್ಯಾಪ್ಟನ್ ಹಳ್ಳಿಖೇಡೆ. ಕಾಕ್‌ಪಿಟ್ಟಿನಲ್ಲಿ ಇರುವುದೇ ಎರಡು ಸೀಟು. ಬಾಗಿಲಿಗೆ ಒಳಗಿನಿಂದ ಚಿಲಕ.

ಮೊದಲು ಹೀಗಿರಲಿಲ್ಲ. ಎರಡೂ ಊರುಗಳ ನಡುವೆ ಗಾಳಿಯಲ್ಲಿ ಇನ್ನೂರೈವತ್ತು ಕಿಲೋಮೀಟರ್. ಸಣ್ಣ ವಿಮಾನಕ್ಕೆ ಮುಕ್ಕಾಲು ತಾಸು ಹಿಡಿಯುತ್ತಿತ್ತು. ಹೊರಗೂ ಮುಕ್ಕಾಲು, ಒಳಗೂ ಮುಕ್ಕಾಲು. ಆಮೇಲೆ ಎರಡೂ ನಿಲ್ದಾಣಗಳಲ್ಲಿ ಒಂದೊಂದು ಕಂಬ ನೆಟ್ಟರು. ಕಂಬಗಳು ಚಾಲೂ ಆದಾಗ ನಡುವಿನ ದಾರಿ ಮಡಿಕೆ ಬೀಳುತ್ತದೆ. ಕಾಗದಪತ್ರದಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಜನ ಅದನ್ನು ನಿರಿಗೆ ಎಂದರು. ಆ ಹೆಸರೇ ಉಳಿಯಿತು.

ಕಂಬದ ಕೋಣೆಯ ಎಂಜಿನಿಯರ್ ಬಿಲ್ಕಿಸ್ ಮುಲ್ಲಾ, ನಿಲ್ದಾಣ ನೋಡಲು ಬಂದವರಿಗೆ ತನ್ನ ಸೆರಗನ್ನೇ ಹಿಡಿದು ವಿವರಿಸುತ್ತಿದ್ದಳು.

"ಸೀರಿ ಎಷ್ಟುದ್ದ ಐತಿ? ನಿರಿಗಿ ಹಿಡದ್ರ ಒಂದು ಗೇಣು. ನೋಡವರಿಗೆ ಗೇಣ. ಆದ್ರ ಬಟ್ಟಿ ಮ್ಯಾಲ ಒಂದು ಇರುವಿ ನಡದು ಹೊಂಟೈತಿ ಅಂದ್ರ, ಅದಕ್ಕ ಗೇಣು ಆಗಂಗಿಲ್ಲ. ಒಂದೊಂದು ಮಡಿಕಿ ಹತ್ತಿ ಇಳದು, ಹತ್ತಿ ಇಳದು ಹೋಗಬೇಕು. ಬಿಗಿ ಹಿಡದಷ್ಟೂ ಬಟ್ಟಿ ಒಳಗ ಹೆಚ್ಚು ಹೋಗ್ತೈತಿ. ವಿಮಾನ ಅಂದ್ರ ಆ ಇರುವಿ."

"ಮತ್ತ ಎಣ್ಣಿ ಖರ್ಚು?" ಎಂದು ಯಾರಾದರೂ ಕೇಳುತ್ತಿದ್ದರು.

"ಒಳಗ ಹೊಕ್ಕಮ್ಯಾಲ ನಿರಿಗಿನ ಎಳಕೊಂಡು ಹೋಗ್ತೈತ್ರಿ. ಎಂಜಿನ್ ಸುಮ್ನ ಉಸರಾಡ್ತಿರ್ತೈತಿ."

ಜನ ಬೇಗ ಹೊಂದಿಕೊಂಡರು. ಪರೀಕ್ಷೆ ಹತ್ತಿರ ಬಂದರೆ ಸೀಟುಗಳೆಲ್ಲ ವಿದ್ಯಾರ್ಥಿಗಳ ಪಾಲು. ಅವರಿಗೆ ಹುಮನಾಬಾದಿನಲ್ಲಿ ಕೆಲಸವೇನಿಲ್ಲ. ಹೋಗುತ್ತ ಮೂರು ತಾಸು ಓದುವುದು, ಇಳಿದು ಚಹಾ ಕುಡಿಯುವುದು, ಬರುತ್ತ ಮೂರು ತಾಸು ಓದುವುದು. ಗುಳೇದಗುಡ್ಡದ ಒಬ್ಬ ದರ್ಜಿ ಲಗ್ನಸರಾಯಿಯಲ್ಲಿ, ಮದುವೆಗಳ ಸುಗ್ಗಿಯಲ್ಲಿ, ಖಣದ ಕುಪ್ಪಸಗಳ ಗಂಟು ಹೊತ್ತು ಹತ್ತುತ್ತಿದ್ದ. ಇಳಿಯುವಾಗ ಎಲ್ಲಕ್ಕೂ ಗುಂಡಿ ಹಚ್ಚಿ ಮುಗಿದಿರುತ್ತಿತ್ತು. ವಕೀಲರು ಕೇಸು ಓದಿದರು. ಕೂಸಿನ ತಾಯಂದಿರು ನಿದ್ದೆ ಮಾಡಿದರು. ಸುಮ್ಮನೆ ಯಾವುದೂ ಸಿಗುವುದಿಲ್ಲವಲ್ಲ, ಆ ತಾಸುಗಳು ಮೈಗೆ ಹತ್ತುತ್ತಿದ್ದವು. ಗಡ್ಡ ಬೆಳೆಯುತ್ತಿತ್ತು, ತಲೆ ನೆರೆಯುತ್ತಿತ್ತು. ಹೆಣ್ಣು ಕೊಡುವವರು "ಹುಡುಗ ಎಷ್ಟು ನಿರಿಗಿ ಹಾರ್‍ಯಾನ?" ಎಂದು ಕೇಳತೊಡಗಿದರು.

ಟವರ್‌ನವರಿಗೆ ಮಾತ್ರ ನಿರಿಗೆ ಹೊಗುವುದು ನಿಷಿದ್ಧ. ಮೊದಮೊದಲು ಒಬ್ಬ ಕಂಟ್ರೋಲರ್ ಊಟದ ಬಿಡುವಿನಲ್ಲಿ ಹೋಗಿ ಬಂದ. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ, ಅವನ ಮೈಯಲ್ಲಿ ರಾತ್ರಿ. ಎರಡು ವಿಮಾನ ಇಳಿಯುವ ಹೊತ್ತಿನಲ್ಲಿ ಕುರ್ಚಿಯಲ್ಲೇ ಗೊರಕೆ ಹೊಡೆದ. ಅಂದಿನಿಂದ ಆ ನಿಯಮ. ಹೀಗಾಗಿ ವಿರೂಪಾಕ್ಷ ಆರು ವರ್ಷದಿಂದ ಹೆಂಡತಿಯನ್ನು ಒಳಗೆ ಕಳಿಸುತ್ತಿದ್ದ, ತಾನು ಒಂದು ಸಲವೂ ಒಳಗೆ ಹೋಗಿರಲಿಲ್ಲ. ಒಳಗೆ ರೇಡಿಯೋ ಇಲ್ಲ, ಫೋನಿಲ್ಲ. ಕಿಟಕಿಯಾಚೆ ಬರೀ ಬಿಳಿ ಎಂದು ಹೋಗಿ ಬಂದವರು ಹೇಳುತ್ತಿದ್ದರು.

ಅವನ ಕಿವಿಗೆ ಸಿಗುತ್ತಿದ್ದುದು ಎರಡು ತುದಿ ಮಾತ್ರ. ಹೊಗುವ ಮುಂಚೆ ಅವಳ ದನಿ ಚೊಕ್ಕಟ, ಇಸ್ತ್ರಿ ಹೊಡೆದ ಹಾಗೆ. ಏಳು ನಿಮಿಷದ ಮೌನ. ಆಮೇಲೆ ಅದೇ ದನಿ ಆ ತುದಿಯಲ್ಲಿ ಹೊರಬಿದ್ದು "ಹುಮನಾಬಾದ್ ಟವರ್" ಎಂದು ಕರೆಯುತ್ತಿತ್ತು. ಎಷ್ಟೋ ಸಲ ಆ ಕರೆಯಲ್ಲಿ ಒಂದು ನಗೆಯ ಬಾಲ ಇರುತ್ತಿತ್ತು. ನಗೆಯ ತಲೆ ಎಲ್ಲಿತ್ತು, ಯಾರು ಏನಂದದ್ದಕ್ಕೆ ನಕ್ಕಳು, ಅದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ದಿನಕ್ಕೆ ನಾಲ್ಕು ಹಾರಾಟ. ಅಂದರೆ ಹಳ್ಳಿಖೇಡೆಯ ಪಕ್ಕದಲ್ಲಿ ಅವಳಿಗೆ ಹನ್ನೆರಡು ತಾಸು. ಸಂಜೆ ನಾಲ್ಕಕ್ಕೆ ಮನೆಗೆ ಬಂದರೆ ಅವಳ ಮೈಗೆ ನಡುರಾತ್ರಿ ದಾಟಿರುತ್ತಿತ್ತು. ಒಂದೂವರೆ ರೊಟ್ಟಿ ತಿನ್ನುತ್ತಿದ್ದಳು, ಐದಕ್ಕೆ ಮಲಗುತ್ತಿದ್ದಳು. ವಿರೂಪಾಕ್ಷ ಬಿಸಿಲಿರುವಾಗಲೇ ಕಿಟಕಿಗೆ ಪರದೆ ಎಳೆದು, ಟಿವಿಯ ದನಿ ತಗ್ಗಿಸಿ ಒಬ್ಬನೇ ಕೂರುತ್ತಿದ್ದ. ಅವಳು ತಾಟು ಮುಂದಿಟ್ಟುಕೊಂಡ ಹೊತ್ತಿನಲ್ಲಿ ದಿನಾ ಒಂದು ಪ್ರಶ್ನೆ ಕೇಳುತ್ತಿದ್ದ.

"ಇವತ್ತ ಒಳಗ ಏನ್ ಮಾಡಿದಿ?"

"ಏನಿಲ್ರಿ. ಕುಂತಿದ್ದೆ."

ಆಮೇಲೆ ಅವಳ ನಾಲಿಗೆ ತಿರುಗತೊಡಗಿತು. ದಾನೇಶ್ವರಿ ಹುಟ್ಟಿ ಬೆಳೆದದ್ದು ಬಾದಾಮಿಯಲ್ಲಿ. "ಬರುತ್ತಿದ್ದೇನೆ" ಎನ್ನಲು "ಬರಾಕತ್ತೀನಿ" ಎನ್ನುವ ಊರಿನವಳು. ಒಂದು ದಿನ ಬಚ್ಚಲಿನಿಂದ "ಬರ್ಲತ್ತೀನಿ, ನಿಲ್ರಿ" ಎಂದಳು. ಆಗಾಗ "ಐತಿ" ಹೋಗಿ "ಅದ" ಬರತೊಡಗಿತು. ಇದು ಬೀದರ ಕಡೆಯ ಮಾತು. ಹಳ್ಳಿಖೇಡೆ ಆ ಕಡೆಯವನೇ, ಹುಮನಾಬಾದಿನವನು. ಪರಪುರುಷನ ಅಂಗಿಯ ಗುಂಡಿಯೊಂದು ಹಾಸಿಗೆಯಲ್ಲಿ ಸಿಕ್ಕಿದ್ದರೆ ಕೇಳಬಹುದಿತ್ತು. "ನಿನ್ನ ಬಾಯಾಗ ಅವನ ಕ್ರಿಯಾಪದ ಯಾಕ ಐತಿ" ಎಂದು ಹೇಗೆ ಕೇಳುವುದು?

ಹಳ್ಳಿಖೇಡೆ ನೋಡಲು ಏನೂ ಅಲ್ಲ. ಕುಳ್ಳ, ಹೊಟ್ಟೆ ಬಂದವನು, ನಿರಿಗೆಯ ದೆಸೆಯಿಂದ ತಲೆಯೆಲ್ಲ ಬೆಳ್ಳಗೆ. ಒಂದು ದಿನ ಕ್ಯಾಂಟೀನಿನಲ್ಲಿ ವಿರೂಪಾಕ್ಷನ ಎದುರಿಗೇ ಬಂದು ಕೂತ.

"ನಿಮ್ಮ ಮನ್ಯಾಗಿನವರು ಭಾರಿ ಮಾತಾಡ್ತಾರ್ರಿ ಗಡೇದ ಸಾಹೇಬ್ರ. ಮೂರು ತಾಸು ಹ್ಯಾಂಗ ಹೋಗ್ತದ ಗೊತ್ತೇ ಆಗಲ್ಲ."

"ಹೌದ್ರಿ?"

"ಹೌದಂದ್ರ! ನಿಮ್ಮ ಲಗ್ನದಾಗ ನೀವು ಸೆಕೆಗೆ ಪೇಟ ತಗದು ಗಾಳಿ ಹಾಕ್ಕೊಂಡಿದ್ದು, ನಿಮ್ಮ ಸೋದರಮಾವ ಬೈದಿದ್ದು, ಎಲ್ಲಾ ಹೇಳ್ಯಾರ. ನಕ್ಕೂ ನಕ್ಕೂ ಸಾಕಾತು."

ವಿರೂಪಾಕ್ಷ ನಕ್ಕ. ಇಡ್ಲಿ ಹಾಗೇ ಬಿಟ್ಟು ಎದ್ದ. ಮನೆಯಲ್ಲಿ ಒಂದೂವರೆ ರೊಟ್ಟಿಗಿಂತ ಹೆಚ್ಚು ಮಾತಿಲ್ಲದವಳು ಅಲ್ಲಿ ಮೂರು ತಾಸು ಮಾತಾಡುತ್ತಾಳೆ. ಅದೂ ಅವನ ಪೇಟದ ಬಗ್ಗೆ.

ಪೈಲಟ್‌ಗಳಿಗೆ ವರ್ಷಕ್ಕೊಮ್ಮೆ ಮೈ ತಪಾಸಣೆ. ನಿರಿಗೆಯ ತಾಸು ಕೂಡಿಸಿ ದೇಹದ ವಯಸ್ಸು ಹೇಳುತ್ತಾರೆ. ಆ ವರ್ಷ ತಪಾಸಣೆಯ ಮರುದಿನ ದಾನೇಶ್ವರಿ ಮನೆಗೆ ಬಂದವಳು ಬಾಗಿಲಲ್ಲೇ ನಿಂತು ನಕ್ಕಳು. ಲಗ್ನದಲ್ಲಿ ಅವಳು ಅವನಿಗಿಂತ ಒಂದೂವರೆ ವರ್ಷ ಚಿಕ್ಕವಳು.

"ಇವತ್ತಿಂದ ನಾ ನಿನಗಿಂತ ದೊಡ್ಡಾಕಿ. ಇನ್ನ ರೀ ಗೀ ಏನಿಲ್ಲ. ನೀ ಅಂತೀನಿ."

"ಅನ್ನು," ಎಂದು ಅವನೂ ನಕ್ಕ. ನಿಜಕ್ಕೂ ತಮಾಷೆಯೇ ಅನಿಸಿತು. ಅಷ್ಟರಲ್ಲಿ ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದಳು. ಒಳಗೆ ಎರಡು ಪೇಢೆ.

"ಹಳ್ಳಿಖೇಡೆ ಸರ್ ತಂದಿದ್ರು. ಒಳಗ ಎಲ್ಲಾರಿಗೂ ಹಂಚಿದ್ವಿ. ಗಂಡನ್ನ ಹಿಂದ ಹಾಕಿದ್ದಕ್ಕ ಪೇಢೆ ಅಂತ!"

ಅಂದರೆ ತನಗಿಂತ ಮೊದಲು ಅವನಿಗೆ ಗೊತ್ತಾಗಿದೆ. ವಿರೂಪಾಕ್ಷ ಪೇಢೆ ಬಾಯಿಗೆ ಹಾಕಿಕೊಂಡ. ಸಿಹಿಯೇ ಇತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವನು ಬಿಗಿ ಸಡಿಲಿಸಿದ.

ನಿರಿಗೆಯ ಬಿಗಿ ಇರುವುದು ಕೆರೂರು ಟವರ್‌ನ ಒಂದು ಹಿಡಿಕೆಯಲ್ಲಿ. ಪೂರ್ತಿ ಮುಂದೆ ತಳ್ಳಿದರೆ ಹೊರಗೆ ಏಳು ನಿಮಿಷ, ಒಳಗೆ ಮೂರು ತಾಸು. ಅರ್ಧಕ್ಕೆ ಎಳೆದರೆ ಹೊರಗೆ ಇಪ್ಪತ್ತು ನಿಮಿಷ, ಒಳಗೆ ಒಂದೂವರೆ ತಾಸು. ಕಂಬ ಬಿಸಿಯೇರಿ ಕಾದಾಗ ಹೀಗೆ ಅರ್ಧ ಬಿಗಿಯಲ್ಲಿ ಕಳಿಸುವ ಅಧಿಕಾರ ಕಂಟ್ರೋಲರ್‌ಗೆ ಇದೆ. ವಿರೂಪಾಕ್ಷ ಮೈಕಿನಲ್ಲಿ "ಕಂಬ ಕಾದಿದೆ, ಅರ್ಧ ಬಿಗಿ" ಎಂದ. ಹಿಡಿಕೆ ಎಳೆದ. ರಾಡಾರ್ ಪರದೆಯಿಂದ ವಿಮಾನದ ಚುಕ್ಕೆ ಮಾಯವಾಯಿತು. ಇಪ್ಪತ್ತು ನಿಮಿಷ ಅವನು ಹಲ್ಲಿಗೆ ಹಲ್ಲು ಹಚ್ಚಿ ಕೂತ. ಹೊರಬಿದ್ದ ದನಿಯಲ್ಲಿ ನಗೆಯ ಬಾಲ ಇರಲಿಲ್ಲ. ಮಾತು ನಡುವೆಯೇ ತುಂಡಾಗಿರಬೇಕು. ಅವನಿಗೆ ಹಾಯೆನಿಸಿತು.

ಮಧ್ಯಾಹ್ನ ಇಳಿದ ಪ್ರಯಾಣಿಕರು ಗೊಣಗಿದರು. ವಿದ್ಯಾರ್ಥಿಗಳಿಗೆ ಪಾಠ ಮುಗಿದಿರಲಿಲ್ಲ. ದರ್ಜಿ ಬೆರಳಿಗೆ ಸೂಜಿ ಸಿಕ್ಕಿಸಿಕೊಂಡೇ ಮೆಟ್ಟಿಲಿಳಿದು, ಟವರ್ ಕಡೆ ಕೈ ತೋರಿಸಿ ಬಯ್ದ. ಗಾಜಿನ ಹಿಂದೆ ಏನೂ ಕೇಳಿಸಲಿಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಬೇರೆ ಕ್ಯಾಪ್ಟನ್ ಇದ್ದ ದಿನ ಪೂರ್ತಿ ಬಿಗಿ. ಹಳ್ಳಿಖೇಡೆ ಇದ್ದ ದಿನ ಕಂಬ ಕಾಯುತ್ತಿತ್ತು. ದಾನೇಶ್ವರಿ ಈಗ ಮನೆಗೆ ಬಂದಾಗ ಅಷ್ಟು ದಣಿದಿರುತ್ತಿರಲಿಲ್ಲ. ಏಳರವರೆಗೂ ಎಚ್ಚರ ಇರುತ್ತಿದ್ದಳು. ಆದರೆ ಮಾತು ಇನ್ನೂ ಕಡಿಮೆಯಾಯಿತು. ಕೈಯಲ್ಲಿ ಲೋಟ ಹಿಡಿದು ಗೋಡೆ ನೋಡುತ್ತ ಕೂರುತ್ತಿದ್ದಳು. ಹಳ್ಳಿಖೇಡೆಯ ನೆನಪಿಗೆ ಒದ್ದಾಡುತ್ತಿದ್ದಾಳೆ ಎಂದು ವಿರೂಪಾಕ್ಷ ತಿಳಿದ. ಕೆಲಸ ಆಗುತ್ತಿದೆ ಎಂದುಕೊಂಡ.

ಒಂದು ಬೆಳಿಗ್ಗೆ ಬಿಲ್ಕಿಸ್ ಟವರ್ ಹತ್ತಿ ಬಂದಳು. ಅವಳು ಕಂಬದ ಕೋಣೆ ಬಿಟ್ಟು ಬರುವವಳಲ್ಲ. ಮೆಟ್ಟಿಲ ಏದುಸಿರು ಇಳಿಯುವವರೆಗೂ ಅವನ ಹಿಡಿಕೆಯನ್ನೇ ನೋಡುತ್ತ ನಿಂತಳು.

"ಕಂಬ ಕಾದಿಲ್ಲ, ಗಡೇದ ಸಾಹೇಬ್ರ."

"ಇಲ್ಲಿ ಕೆಂಪು ತೋರಿಸ್ತಿತ್ತು."

"ಕೆಳಗ ನಾ ಕುಂತೀನಿ. ಆ ಕಂಬದ ಮ್ಯಾಲ ಹಾಲಿಟ್ರ ಕೆನಿ ಕಟ್ಟಂಗಿಲ್ಲ. ಅಷ್ಟು ತಣ್ಣಗ ಐತಿ. ಎರಡು ತಿಂಗಳಿಂದ ನೀವು ಯಾವ ಯಾವ ದಿನ ಅರ್ಧ ಬಿಗಿ ಕೊಟ್ಟೀರಿ ನೋಡಿದೆ. ಹಳ್ಳಿಖೇಡೆ ಸರ್ ಇದ್ದ ದಿನ ಅಷ್ಟ ಕಾಯ್ತೈತೇನ್ರಿ ಕಂಬ? ಕಂಬಕ್ಕೂ ಹೊಟ್ಟಿಕಿಚ್ಚೇನು?"

ವಿರೂಪಾಕ್ಷ ಹಿಡಿಕೆಯ ಮೇಲಿದ್ದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

"ನಿಮ್ಮ ಹೆಂಡತಿ ಬಂದು ಅರ್ಧ ಬಿಗಿ ಯಾಕಂತ ಕೇಳಿದ್ರು, ಅದಕ್ಕ ನೋಡಿದೆ. ನಿರಿಗಿ ದಾರಿಗೆ ಕ್ಯಾಪ್ಟನ್ ಆಗಬೇಕಂದ್ರ ಪೂರ್ತಿ ಬಿಗಿಯೊಳಗ ಹಾರಿದ ತಾಸು ಅಷ್ಟ ಲೆಕ್ಕಕ್ಕ ಬರ್ತಾವ. ಅರ್ಧ ಬಿಗಿ ಬರಂಗಿಲ್ಲ. ಅವರಿಗೆ ಒಂದಿಷ್ಟ ಕಡಿಮಿ ಇದ್ವು. ಈ ಎರಡು ತಿಂಗಳಾಗ ಮುಗೀಬೇಕಿತ್ತು. ಮೊನ್ನೆ ಪರೀಕ್ಷಾದವರು ಬಂದ್ರು, ಹೋದ್ರು. ಇನ್ನ ಬರೂದು ಮುಂದಿನ ವರ್ಷ."

"ನನಗ ಹೇಳಿಲ್ಲ ಆಕಿ."

"ಯಾರಿಗೂ ಹೇಳಿದ್ದಿಲ್ಲ. ಆಗೂ ಮಾತು ಆಗೂತನಕ ಬಾಯಿಂದ ಹೊರಗ ಹಾಕಬಾರದು, ದೃಷ್ಟಿ ಆಕ್ಕೈತಿ ಅಂತ ಅವರವ್ವ ಹೇಳಿದ್ದಂತ. ವಿಮಾನ ಹಾರಿಸಿದ್ರೂ ಅದನ್ನ ಬಿಟ್ಟಿಲ್ಲ ನೋಡ್ರಿ." ಬಿಲ್ಕಿಸ್ ಬಾಗಿಲತ್ತ ತಿರುಗಿದಳು. "ಕ್ಯಾಪ್ಟನ್ ಆಗಿದ್ರ ಅವರಿಗೆ ಬ್ಯಾರೆ ವಿಮಾನ ಸಿಗ್ತಿತ್ತು. ಎಡಗಡೆ ಸೀಟು. ಹಳ್ಳಿಖೇಡೆ ಸರ್ ಬಾಜೂಕ ಇನ್ಯಾರೋ ಕುಂದರ್ತಿದ್ರು. ಈಗ ಇನ್ನೊಂದು ವರ್ಷ ಅಲ್ಲೇ ಕುಂದರಬೇಕು. ನೀವ ಕುಂದರ್ಸೀರಿ."

ಬಿಲ್ಕಿಸ್ ದಾನೇಶ್ವರಿಗೂ ಎಲ್ಲ ಹೇಳಿದ್ದಳು. ಆ ಸಂಜೆ ಮನೆಯಲ್ಲಿ ತಾಟಿನಲ್ಲಿ ರೊಟ್ಟಿ ಇತ್ತು, ಯಾರೂ ಮುರಿದಿರಲಿಲ್ಲ.

"ಕೇಳಬಹುದಿತ್ತಲ್ಲ?" ಎಂದಳು ದಾನೇಶ್ವರಿ.

"ದಿನಾ ಕೇಳಿದ್ದೆ. ಒಳಗ ಏನ್ ಮಾಡಿದಿ ಅಂತ."

"ಕುಂತಿದ್ದೆ ಅಂದೆ. ಖರೇನ ಕುಂತಿದ್ದೆ. ಮಾತಾಡಿದ್ವಿ. ಅವರ ಮಗಳ ಕಾಲೇಜಿನ ಬಗ್ಗೆ, ನಮ್ಮವ್ವನ ಮಂಡಿನೋವಿನ ಬಗ್ಗೆ. ನಿನ್ನ ಬಗ್ಗೆ."

"ನನ್ನ ಬಗ್ಗೆ ಅವನ ಜೋಡಿ?"

"ಮತ್ಯಾರ ಜೋಡಿ ಮಾತಾಡ್ಲಿ? ನಿನ್ನ ಬಗ್ಗೆ ನಿನ್ನ ಜೋಡಿ ಮಾತಾಡಾಕ ಬರ್ತೈತೇನು?"

"ಇಲ್ಲಿ ಬಾಯಿ ಬಿಡಂಗಿಲ್ಲ. ಅಲ್ಲಿ ಲಗ್ನದ ಪೇಟದ ಸುದ್ದಿತನಕ ಬರ್ತೈತಿ."

"ಇಲ್ಲಿ ನನಗ ನಡುರಾತ್ರಿ. ನಡುರಾತ್ರ್ಯಾಗ ಎಬ್ಬಿಸಿ ಪ್ರಶ್ನೆ ಕೇಳಿದ್ರ ನೀ ಮಾತಾಡ್ತಿದ್ದೇನು?" ಅವಳು ತಾಟು ಸರಿಸಿದಳು. "ಏನರ ಇದ್ದಿದ್ರ ನಿನಗ ಸಿಗ್ತಿದ್ದಿಲ್ಲ. ಏನೂ ಇಲ್ಲ ಅಂತ ತೋರಿಸಾಕೂ ನನ್ನ ಕೈಲಿ ಆಗಂಗಿಲ್ಲ. ಆ ಮೂರು ತಾಸಿಗೆ ಸಾಕ್ಷಿ ಹಳ್ಳಿಖೇಡೆ ಸರ್ ಒಬ್ರ. ಅವರ ಮಾತು ನೀ ನಂಬ್ತೀಯೇನು?"

ಅವನು ನಂಬುತ್ತಿರಲಿಲ್ಲ. ಆ ಹೊತ್ತಿನಲ್ಲೂ, ತಪ್ಪೆಲ್ಲ ತನ್ನದೇ ಎಂದು ಗೊತ್ತಿದ್ದೂ, ಅವಳು "ಸರ್" ಎಂದಾಗ ಅದರಲ್ಲಿ ಎಷ್ಟು ಗೌರವ, ಎಷ್ಟು ಸಲಿಗೆ ಎಂದೇ ಅಳೆಯುತ್ತಿದ್ದ.

"ನಾಳೆ ಮೊದಲ ಹಾರಾಟಕ್ಕ ಪೂರ್ತಿ ಬಿಗಿ ಕೊಡು," ಎಂದಳು. "ಅವರ ಜೋಡಿನ ಹೊಂಟೀನಿ. ನನಗ ಯೋಚನಿ ಮಾಡಾಕ ಹೊತ್ತು ಬೇಕು, ಅದು ಒಳಗ ಅಷ್ಟ ಸಿಗ್ತೈತಿ. ಈ ಮನ್ಯಾಗ ಇರ್ತೀನೋ ಇಲ್ಲೋ ಬಂದು ಹೇಳ್ತೀನಿ."

ಬೆಳಿಗ್ಗೆ ವಿಮಾನ ಎದ್ದಿತು. ನಿರಿಗೆಯ ಬಾಯಿ ಹತ್ತಿರ ಬಂದಾಗ ಅವಳು ಬಿಗಿ ಎಷ್ಟು ಎಂದು ನಿಯಮದಂತೆ ಕೇಳಿದಳು. "ಪೂರ್ತಿ," ಎಂದ ವಿರೂಪಾಕ್ಷ. ಹಿಡಿಕೆಯನ್ನು ಕೊನೆಯವರೆಗೂ ತಳ್ಳಿದ. ಚುಕ್ಕೆ ಮಾಯವಾಯಿತು.

ಏಳು ನಿಮಿಷ ಅವನ ಅಂಗೈ ಹಿಡಿಕೆಯ ಮೇಲೇ ಇತ್ತು. ಈಗ ಒಳಗೆ ಅವಳು ಹಳ್ಳಿಖೇಡೆಗೆ ಎಲ್ಲ ಹೇಳುತ್ತಿದ್ದಾಳೆ. ಅವನು ತಲೆ ಆಡಿಸುತ್ತಿದ್ದಾನೆ. ಸಮಾಧಾನ ಮಾಡುತ್ತಿದ್ದಾನೆ. ಎಳೆದರೆ ಆ ಸಮಾಧಾನ ಅರ್ಧಕ್ಕೆ ನಿಲ್ಲುತ್ತದೆ. ಕೈ ಒಂದು ಕೂದಲೆಳೆಯಷ್ಟು ಹಿಂದಕ್ಕೂ ಬಂತು. ಮತ್ತೆ ಮುಂದೆ ತಳ್ಳಿದ. ಒಳ್ಳೆಯತನದಿಂದಲ್ಲ. ಸಿಟ್ಟಿನಲ್ಲಿರುವವಳಿಗೆ ಹೊತ್ತು ಕಡಿಮೆ ಕೊಟ್ಟರೆ ತೀರ್ಪು ತನ್ನ ವಿರುದ್ಧವೇ ಬರುತ್ತದೆ ಎಂಬ ಲೆಕ್ಕದಿಂದ.

"ಹುಮನಾಬಾದ್ ಟವರ್," ಎಂದಿತು ಅವಳ ದನಿ. ನಗೆಯಿರಲಿಲ್ಲ, ಅಳುವೂ ಇರಲಿಲ್ಲ. ಸ್ವಲ್ಪ ಒಡಕು ಇತ್ತು, ಅಷ್ಟೇ.

ಸಂಜೆ ನಿಲ್ದಾಣದ ಹೊರಗೆ ಬೇವಿನ ಗಿಡದ ಕೆಳಗೆ ಅವಳ ಸ್ಕೂಟರ್ ಹತ್ತಿರ ಅವನು ಕಾದು ನಿಂತಿದ್ದ.

"ಯೋಚನಿ ಆತೇನು?"

"ಒಳಗ ಹೊಕ್ಕು ಸ್ವಲ್ಪ ಹೊತ್ತಿನಾಗ ಆತು. ಆಮ್ಯಾಲ ನಿದ್ದಿ ಹತ್ತಿತು. ಸರ್ ಎಬ್ಬಿಸಿದ್ರು."

ಅವನು ಇಡೀ ದಿನ ಊಹಿಸಿದ್ದ ಮೂರು ತಾಸು ಹೀಗೆ ಗೊರಕೆಯಲ್ಲಿ ಮುಗಿದಿತ್ತು.

"ಹುಮನಾಬಾದದಾಗ ಬಾಡಿಗಿ ಖೋಲಿ ಹಿಡೀತೀನಿ," ಎಂದಳು ದಾನೇಶ್ವರಿ. "ಡ್ಯೂಟಿ ಅಲ್ಲಿಂದ ಶುರು ಮಾಡ್ತೀನಿ. ಬಿಡ್ತೀನಿ ಅನ್ನಾಕತ್ತಿಲ್ಲ. ಆರು ವರ್ಷ ನೀ ನನ್ನ ತಾಸು ಎಣಿಸಿದಿ. ಇನ್ನ ಬೇಕಂದ್ರ ನಿನ್ನ ತಾಸು ಖರ್ಚು ಮಾಡಿ ಬಾ."

"ನನಗ ವಿಮಾನ ಹತ್ತಾಕ ಪರವಾನಿಗಿ ಇಲ್ಲ."

"ಬಸ್ಸಿಗೆ ಪರವಾನಿಗಿ ಕೇಳಂಗಿಲ್ಲ." ಅವಳು ಹೆಲ್ಮೆಟ್ ಹಾಕಿಕೊಂಡಳು.

ಬಿಲ್ಕಿಸ್ ಮೇಲಿನವರಿಗೆ ಏನು ಹೇಳಿದಳೋ, ಬಿಗಿಯ ಹಿಡಿಕೆ ಟವರ್‌ನಿಂದ ಕಂಬದ ಕೋಣೆಗೆ ಹೋಯಿತು. ಮೇಜಿನ ಮೇಲೆ ಅದು ಇದ್ದಲ್ಲಿ ಒಂದು ತೂತು ಉಳಿಯಿತು. ವಿರೂಪಾಕ್ಷ ಅದರಲ್ಲಿ ಪೆನ್ನು ನಿಲ್ಲಿಸತೊಡಗಿದ. ದಾನೇಶ್ವರಿ ಈಗಲೂ ಹಳ್ಳಿಖೇಡೆಯ ಪಕ್ಕದಲ್ಲೇ ಹಾರುತ್ತಿದ್ದಳು, ಅವನ ಊರಿನಲ್ಲೇ ಮಲಗುತ್ತಿದ್ದಳು. ಎರಡನ್ನೂ ಮಾಡಿಕೊಟ್ಟವನು ತಾನೇ ಎಂದು ನೆನಪಾದಾಗಲೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ. ಒಂದು ತಿಂಗಳು ಹಟದಲ್ಲಿ ಕೂತ. ಆಮೇಲೆ ಒಂದು ಶನಿವಾರ ಬಸ್ ಸ್ಟ್ಯಾಂಡಿಗೆ ಹೋದ.

"ಹುಮನಾಬಾದಕ್ಕ?" ಕಂಡಕ್ಟರ್ ಅವನನ್ನು ಮೇಲೆ ಕೆಳಗೆ ನೋಡಿದ. "ವಿಜಾಪುರದಾಗ ಇಳದು ಬ್ಯಾರೆ ಬಸ್ ಹಿಡೀಬೇಕು. ಸಂಜಿ ಆಕ್ಕೈತಿ. ವಿಮಾನ ಐತೆಲ್ರಿ, ಏಳು ನಿಮಿಷ?"

"ನನಗ ಇಲ್ಲ."

"ಯಾಕ, ಹೆದರಿಕಿ?"

"ಹೂಂ."

ಆಲಮಟ್ಟಿಯ ಹಿನ್ನೀರು ದಾಟುವಾಗ ಮೇಲೆ ವಿಮಾನ ಹೋಯಿತು. ನೋಡುತ್ತಿದ್ದಂತೆ ಮೂಗಿನಿಂದ ಮಾಯವಾಗುತ್ತ ಹೋಗಿ, ಕೊನೆಗೆ ಬಾಲವೂ ಬಿಳಿಯಲ್ಲಿ ಸೇರಿತು. ಯಾರೋ ಸೀನಿದರು, ಯಾರೋ ಚಿಲ್ಲರೆಗೆ ಜಗಳ ತೆಗೆದರು. ಅಷ್ಟರಲ್ಲಿ ದಾನೇಶ್ವರಿ ಹುಮನಾಬಾದಿನಲ್ಲಿ ಇಳಿದಿದ್ದಳು.

ಸಿಂದಗಿಯಲ್ಲಿ ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕೂತಳು. ಮಡಿಲಲ್ಲಿ ಬುಟ್ಟಿ. ಜೇವರ್ಗಿ ಬರುವವರೆಗೆ ತನ್ನ ನಾದಿನಿಯ ಕತೆ ಹೇಳಿದಳು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಕೊಟ್ಟಳು. "ನೀವು ಹೇಳ್ರಿ, ಹೆಂಡ್ತಿ ಊರಿಗೇನು?" ಎಂದು ಕೇಳಿದಳು. ವಿರೂಪಾಕ್ಷ ಬಾಯಿ ತೆರೆದ. ದಾನೇಶ್ವರಿ ಸಂಜೆ ಐದಕ್ಕೆ ಮಲಗುವುದು, ಪರದೆ ಎಳೆದು ಕೂತಾಗ ಮನೆ ಹೇಗೆ ಕಾಣುತ್ತದೆ ಎಂಬುದು, ಪೇಢೆಯ ಸಿಹಿ, ಹಿಡಿಕೆ. ಕಲಬುರಗಿಯಲ್ಲಿ ಆ ಹೆಂಗಸು ಇಳಿಯುವವರೆಗೂ ಹೇಳಿದ. ಬಸ್ಸು ಮತ್ತೆ ಹೊರಟ ಮೇಲೆ ಅವನಿಗೆ ತಿಳಿಯಿತು, ಇದರಲ್ಲಿ ಒಂದನ್ನೂ ತಾನು ಹೆಂಡತಿಗೆ ಹೇಳಿಲ್ಲ. ಆ ಹೆಂಗಸಿನ ಹೆಸರೂ ಕೇಳಿರಲಿಲ್ಲ.

ಹುಮನಾಬಾದ್ ಮುಟ್ಟಿದಾಗ ಬಿಸಿಲು ಇಳಿದಿತ್ತು. ಖೋಲಿ ಮಹಡಿಯ ಮೇಲೆ. ದಾನೇಶ್ವರಿ ಬಾಗಿಲು ತೆರೆದಳು. ನಿದ್ದೆಯಿಂದ ಎದ್ದು ಬಂದಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದನ್ನು ಅವನು ಮೊದಲ ಸಲ ನೋಡಿದ. ಅವಳು ಅವನ ಧೂಳು ಮುಖ, ಮುದುಡಿದ ಅಂಗಿ ನೋಡಿದಳು.

"ಎಷ್ಟೊತ್ತು ಹಿಡೀತು?"

"ಒಂಬತ್ತು ತಾಸು."

"ಅಷ್ಟೊತ್ತು ಏನ್ ಮಾಡಿದಿ?"

"ಏನಿಲ್ಲ. ಕುಂತಿದ್ದೆ."

ಅವಳ ತುಟಿಯ ಒಂದು ತುದಿ ಸ್ವಲ್ಪ ಏರಿತು. ನೀರಿನ ಚೊಂಬು ಕೊಡಲು ಕೈ ಚಾಚಿದಳು. ಅವನು ತೆಗೆದುಕೊಳ್ಳಲು ಮುಂದೆ ಬಂದಾಗ ಅವನ ಅಂಗಿಯ ಎದೆಯ ಮೇಲೆ ಅಂಟಿದ್ದ ಸಜ್ಜೆರೊಟ್ಟಿಯ ಎಳ್ಳು ಕಾಣಿಸಿತು. ಇವನಿಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಯಾರೋ ಕೊಟ್ಟಿದ್ದಾರೆ. ಚೊಂಬು ಅವಳ ಕೈಯಲ್ಲೇ ನಿಂತಿತು.

"ಯಾರ ಬಾಜೂಕ ಕುಂತಿದ್ದಿ?"

"ಸಿಂದಗ್ಯಾಗ ಒಬ್ಬಾಕಿ ಹತ್ತಿದ್ಲು."

ದಾನೇಶ್ವರಿ ಆ ಎಳ್ಳನ್ನು ಉಗುರಿನಿಂದ ಕೆರೆದು ತೆಗೆದಳು. ಬೆಳಕಿಗೆ ಹಿಡಿದು ನೋಡಿದಳು.

"ಯಾವಾಕಿ?" ಎಂದಳು.